1932ರ ಫೋರ್ಡ್ ಹಾಟ್ ರಾಡ್: ದುಡ್ಡು ಕೊಡುವ ಮುಂಚೆ ಬೆಲೆ ಅಳೆಯುವುದು ಹೇಗೆ?

ಕಳೆದ ವರ್ಷ ಒಂದು ಶನಿವಾರ ಬೆಳಿಗ್ಗೆ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ. ಕಪ್ಪು ಬಣ್ಣದ 1932ರ ಫೋರ್ಡ್ ಕೂಪೆ, ಅಂದರೆ ಗಟ್ಟಿ ಚಾವಣಿಯ ಎರಡು ಬಾಗಿಲಿನ ಚಿಕ್ಕ ಕಾರು. ಮಡ್‌ಗಾರ್ಡ್ ಇಲ್ಲ. ಮೂತಿ ನೆಲದ ಕಡೆ ಬಾಗಿದೆ. ಹಿಂದಿನ ಟೈರು ದಪ್ಪ. ಕೆಳಗೆ ಒಂದೇ ಸಾಲು: "ಮಾರಾಯ, ಇದನ್ನ ತಗೋಬಹುದಾ? ರೇಟು ಸರಿ ಇದೆಯಾ?"

ಅವನು ಶಿವಮೊಗ್ಗದವನು. ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾನೆ. ಪೊಮೋನಾದಲ್ಲಿ ನಡೆಯುವ ಹಾಟ್ ರಾಡ್‌ಗಳ ಪ್ರದರ್ಶನ ರೋಡ್‌ಸ್ಟರ್ ಶೋಗೆ ನನ್ನ ಜೊತೆ ನಾಲ್ಕೈದು ಸಲ ಬಂದು ಈ ಹುಚ್ಚು ಹತ್ತಿಸಿಕೊಂಡವನು. ನಾನು ಫೋಟೊ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದೆ. ಆದರೂ ರೇಟಿನ ಬಗ್ಗೆ ಏನೂ ಹೇಳಲಿಲ್ಲ. ಫೋಟೊದಲ್ಲಿ ಒಂದೇ ಥರ ಕಾಣುವ ನಾಲ್ಕು ಕಾರುಗಳಿಗೆ ನಾಲ್ಕು ಬೇರೆ ಬೆಲೆ ಇರುತ್ತದೆ. ಅವುಗಳ ನಡುವಿನ ಅಂತರ ಒಂದು ಮನೆ ಕಟ್ಟುವಷ್ಟು ದೊಡ್ಡದೂ ಆಗಬಹುದು.

ನನ್ನ ಅಜ್ಜ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮೊದಲು ಹಲ್ಲು ನೋಡುತ್ತಿದ್ದರು. ಆಮೇಲೆ ಸುಳಿ, ಆಮೇಲೆ ನಡಿಗೆ. ಮೈಬಣ್ಣ ನೋಡುತ್ತಿದ್ದುದು ಕೊನೆಗೆ. ಹಾಟ್ ರಾಡ್ ನೋಡುವಾಗ ನಾನು ಹಿಡಿಯುವ ದಾರಿಯೂ ಅದೇ. ಪೇಂಟು ಕೊನೆಗೆ.

ಈ ಕಾರು ಯಾಕೆ ಇಷ್ಟು ದುಬಾರಿ?

ಹಾಟ್ ರಾಡ್ ಎಂದರೆ ಹಳೇ ಕಾರನ್ನು ಹಗುರ ಮಾಡಿ, ಇಂಜಿನ್ನಿಗೆ ಬಲ ಹೆಚ್ಚಿಸಿ, ಓಡಿಸುವುದಕ್ಕೆ ಅಂತಲೇ ಬದಲಾಯಿಸಿದ ಕಾರು. ಇದು ಹುಟ್ಟಿ ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1930ರ ದಶಕದಲ್ಲಿ ಅಲ್ಲಿನ ಹುಡುಗರು ಅಗ್ಗದ ಫೋರ್ಡ್‌ಗಳ ಮಡ್‌ಗಾರ್ಡ್ ಕಿತ್ತುಹಾಕಿ, ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳಕ್ಕೆ ಒಯ್ದು ಓಡಿಸುತ್ತಿದ್ದರು. 1937ರಲ್ಲಿ ಅವರ ಕ್ಲಬ್ಬುಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಯುದ್ಧ ಮುಗಿಸಿ ವಾಪಸ್ ಬಂದ ಹುಡುಗರ ಕೈಯಲ್ಲಿ ಇದು ಇನ್ನೂ ಬೆಳೆಯಿತು.

ಅವರೆಲ್ಲ ಹೆಚ್ಚು ಇಷ್ಟಪಟ್ಟದ್ದು 1932ರ ಫೋರ್ಡನ್ನು. ಇಸವಿಯ ಕೊನೆಯ ಎರಡರಿಂದ ಅದಕ್ಕೆ 'ಡ್ಯೂಸ್' ಎಂಬ ಹೆಸರು ಬಂತು. ಸಾಮಾನ್ಯ ಜನ ಕೊಳ್ಳುವ ಬೆಲೆಯ ಕಾರಿಗೆ ಹೆನ್ರಿ ಫೋರ್ಡ್ ವಿ8 ಇಂಜಿನ್, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಇಂಜಿನ್ ಹಾಕಿದ್ದು ಆ ವರ್ಷವೇ. 221 ಘನ ಇಂಚು, 65 ಅಶ್ವಶಕ್ತಿ. ಜೊತೆಗೆ ಹಗುರ ಬಾಡಿ, ಮಡ್‌ಗಾರ್ಡ್ ತೆಗೆದರೂ ಚೆಂದ ಕಾಣುವ ಚಾಸಿ, ಯಾರೂ ಮರೆಯದ ಆ ಗ್ರಿಲ್. ನನ್ನ ಕಣ್ಣಿಗೆ ಇದಕ್ಕಿಂತ ಅಳತೆ ಸರಿಯಾಗಿ ಕೂತ ಕಾರು ಇನ್ನೊಂದಿಲ್ಲ. ಹಾಗಾಗಿ ಈ ಲೇಖನಕ್ಕೆ ಡ್ಯೂಸನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಬೇರೆ ಹಾಟ್ ರಾಡ್ ನೋಡುವವರಿಗೂ ಕ್ರಮ ಇದೇ.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ಮಾಮೂಲಿ ವಿಂಟೇಜ್ ಕಾರಿಗೆ ಬೆಲೆ ಕಟ್ಟುವುದು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇದೆಯಾ ಎಂದು ನೋಡಿ. ಹಾಟ್ ರಾಡ್‌ಗೆ ಆ ಅಳತೆಗೋಲು ನಡೆಯುವುದಿಲ್ಲ. ಇಲ್ಲಿ ಎಲ್ಲವನ್ನೂ ಯಾರೋ ಬದಲಾಯಿಸಿದ್ದಾರೆ. ಯಾರು ಬದಲಾಯಿಸಿದರು, ಯಾವಾಗ, ಯಾವ ತಗಡಿನ ಮೇಲೆ, ಎಷ್ಟು ಚೆನ್ನಾಗಿ, ಅದಕ್ಕೆ ಸಾಕ್ಷಿ ಏನಿದೆ: ಇವೇ ಬೆಲೆಯನ್ನು ತೀರ್ಮಾನಿಸುತ್ತವೆ.

ಮೊದಲು: ಇದು ನಾಲ್ಕರಲ್ಲಿ ಯಾವುದು?

ಮಾರುವವರಿಗೆ ಫೋನ್ ಮಾಡಿದಾಗ ನಾನು ರೇಟು ಕೇಳುವುದಿಲ್ಲ. "ಬಾಡಿ ಯಾವುದು, ಚಾಸಿ ಯಾವುದು?" ಎಂದು ಕೇಳುತ್ತೇನೆ. ಉತ್ತರ ತಡವರಿಸಿದರೆ ಅಲ್ಲೇ ಅರ್ಧ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮೇಲಿರುವುದು ಹಳೇ ಕಾಲದ ಹಾಟ್ ರಾಡ್. 1940, 50ರ ದಶಕದಲ್ಲೇ ಕಟ್ಟಿದ್ದು, ಆಗಿನ ಫೋಟೊ ಇರುವುದು, ಓಟದ ದಾಖಲೆ ಇರುವುದು. ಇಂಥವು ಕಡಿಮೆ. ಹರಾಜಿನಲ್ಲಿ ತಲೆ ತಿರುಗಿಸುವ ಬೆಲೆ ಹೋಗುವುದು ಇವಕ್ಕೇ. ಆ ಬೆಲೆ ಕೇಳಿ ಬೇರೆ ಕಾರುಗಳ ಮಾಲೀಕರೂ ತಮ್ಮ ಕಾರಿಗೆ ಅಷ್ಟೇ ಹೇಳುತ್ತಾರೆ. ಅದಕ್ಕೆ ಮರುಳಾಗಬೇಡಿ.

ಎರಡನೆಯದು ಫೋರ್ಡಿನ ಅಸಲಿ ಉಕ್ಕಿನ ಬಾಡಿ ಮತ್ತು ಅಸಲಿ ಚಾಸಿ ಇಟ್ಟುಕೊಂಡು ಇತ್ತೀಚೆಗೆ ಕಟ್ಟಿದ ಕಾರು. ಹಾಟ್ ರಾಡ್ ಜನ ಇದನ್ನು 'ಹೆನ್ರಿ ಸ್ಟೀಲ್' ಎನ್ನುತ್ತಾರೆ. ಬಾಡಿ ಅಸಲಿ, ಚಾಸಿ ಹೊಸದು ಎಂಬಂಥವೂ ಇದೇ ಗುಂಪಿಗೆ ಬರುತ್ತವೆ, ಆದರೆ ಬೆಲೆ ಒಂದು ಮೆಟ್ಟಿಲು ಕೆಳಗೆ.

ಮೂರನೆಯದು ಹೊಸದಾಗಿ ಒತ್ತಿದ ಉಕ್ಕಿನ ಬಾಡಿ. ಓಹಾಯೋದ ಬ್ರೂಕ್‌ವಿಲ್ ಎಂಬ ಊರಿನಲ್ಲಿ ಬ್ರೂಕ್‌ವಿಲ್ ರೋಡ್‌ಸ್ಟರ್ ಕಂಪನಿ 1932ರ ರೋಡ್‌ಸ್ಟರ್, ಅಂದರೆ ಗಟ್ಟಿ ಚಾವಣಿ ಇಲ್ಲದ ತೆರೆದ ಕಾರಿನ ಬಾಡಿಯನ್ನು ಇವತ್ತಿಗೂ ಉಕ್ಕಿನಲ್ಲಿ ಮಾಡುತ್ತದೆ. ಕೆಲಸ ಒಳ್ಳೆಯದು. ತುಕ್ಕಿನ ಚಿಂತೆ ಇಲ್ಲ. ದಿನಾ ಓಡಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಅಸಲಿಯ ಬೆಲೆ ಕೊಡಬಾರದು.

ನಾಲ್ಕನೆಯದು ಫೈಬರ್‌ಗ್ಲಾಸ್. ಹೊರಗಿನಿಂದ ಪೇಂಟು ಕನ್ನಡಿ ಥರ ಇರುತ್ತದೆ, ಒಳಗೆ ಏಸಿಯೂ ಇರಬಹುದು. ಬೆಲೆ ಎಲ್ಲಕ್ಕಿಂತ ಕಡಿಮೆ. ಇದು ಕೆಟ್ಟ ಕಾರು ಅಂತ ಅಲ್ಲ. ಇದನ್ನು ಉಕ್ಕು ಎಂದು ಮಾರುವುದು ಕೆಟ್ಟದ್ದು.

ಬಾಡಿಯ ಆಕಾರಕ್ಕೂ ಬೆಲೆ ಇದೆ. ರೋಡ್‌ಸ್ಟರ್ ಮತ್ತು ಮೂರು ಕಿಟಕಿಯ (ಮುಂದಿನ ಗಾಜು ಬಿಟ್ಟು ಎಣಿಸಿ) ಕೂಪೆ ಮೇಲೆ. ಐದು ಕಿಟಕಿಯ ಕೂಪೆ ಅದರ ಕೆಳಗೆ. ಎರಡು ಬಾಗಿಲ ಸೆಡಾನ್ ಇನ್ನೂ ಕೆಳಗೆ, ನಾಲ್ಕು ಬಾಗಿಲಿನದು ಕೊನೆಗೆ. ಮನೆ ಮಂದಿಯೆಲ್ಲ ಕೂತು ಹೋಗಬೇಕು ಎಂದರೆ ಸೆಡಾನ್ ಕೊಂಡರೆ ಲಾಭ. ಅಷ್ಟೇ ಒಳ್ಳೆಯ ಕೆಲಸ, ಕಡಿಮೆ ದುಡ್ಡು.

ಕಾರಿಗಿಂತ ಮುಂಚೆ ಕಾಗದ

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ಕೆಲವು ವರ್ಷದ ಹಿಂದೆ ಒಂದು ಕೆಂಪು ರೋಡ್‌ಸ್ಟರ್ ನೋಡಲು ಆರು ಗಂಟೆ ಡ್ರೈವ್ ಮಾಡಿ ಹೋಗಿದ್ದೆ. ಟೈಟಲ್‌ನಲ್ಲಿ 1932 ಫೋರ್ಡ್ ಎಂದಿತ್ತು. ಟೈಟಲ್ ಎಂದರೆ ನಮ್ಮ ಆರ್‌ಸಿ ಇದ್ದ ಹಾಗೆ, ಮಾಲೀಕತ್ವದ ಪತ್ರ. ಹತ್ತಿರ ಹೋಗಿ ನೋಡಿದರೆ ಬಾಡಿ ಫೈಬರ್‌ಗ್ಲಾಸ್, ಚಾಸಿ ಹೊಸದು. ನಂಬರ್ ಇದ್ದದ್ದು ಇಂಜಿನ್ ಹಿಂದಿನ ತಗಡಿಗೆ ರಿವೆಟ್ ಹೊಡೆದ ಒಂದು ಚಿಕ್ಕ ಪಟ್ಟಿಯಲ್ಲಿ. ಆ ನಂಬರಿನ ನಿಜವಾದ ಕಾರು ಯಾವತ್ತೋ ಗುಜರಿಗೆ ಹೋಗಿರಬೇಕು. "ಎಲ್ಲರೂ ಹೀಗೇ ಮಾಡುತ್ತಾರೆ" ಎಂದರು ಮಾರುವವರು. ನಾನು ಥ್ಯಾಂಕ್ಸ್ ಹೇಳಿ ಬಂದೆ. ಮೊದಲೇ ಎರಡು ಫೋಟೊ ಕೇಳಿದ್ದರೆ ಹೋಗಿ ಬರುವ ಹನ್ನೆರಡು ಗಂಟೆ ಉಳಿಯುತ್ತಿತ್ತು.

ಹಳೇ ಕಾಗದವನ್ನು ಹೊಸ ಕಾರಿಗೆ ಅಂಟಿಸಿದ್ದರೆ ಅದು ಬರೀ ಬೆಲೆಯ ಪ್ರಶ್ನೆ ಅಲ್ಲ. ಪೊಲೀಸರು ಕಾರು ವಶಕ್ಕೆ ತೆಗೆದುಕೊಳ್ಳಬಹುದು. ನೀವು ಮೋಸ ಮಾಡಿಲ್ಲದಿದ್ದರೂ ನಷ್ಟ ನಿಮ್ಮದೇ. ಹಾಗಾಗಿ ಮನೆಯಿಂದ ಹೊರಡುವ ಮುಂಚೆ ಟೈಟಲ್‌ನ ಫೋಟೊ, ಚಾಸಿ ನಂಬರಿನ ಫೋಟೊ ಎರಡನ್ನೂ ತರಿಸಿಕೊಳ್ಳಿ. ಹೆಸರು ಮಾರುವವರದ್ದೇ ಇದೆಯಾ? ಸಾಲ ಬಾಕಿ ಇದೆಯಾ? ನಂಬರ್ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯಾ?

1932ರ ವಿ8 ಫೋರ್ಡಿನ ನಂಬರ್ 18 ಎಂದು ಶುರುವಾಗುತ್ತದೆ. ಅದನ್ನು ಡ್ರೈವರ್ ಕಡೆಯ, ಅಂದರೆ ಎಡಗಡೆಯ ಚಾಸಿ ಹಳಿಯ ಮೇಲ್ಮುಖದಲ್ಲಿ ಮೂರು ಕಡೆ ಹೊಡೆದಿರುತ್ತಾರೆ. ಮುಂದಿನದು ಇಂಜಿನ್ ಪಕ್ಕದಲ್ಲಿ ಕಾಣುತ್ತದೆ. ಉಳಿದವು ಬಾಡಿಯ ಅಡಿಯಲ್ಲಿವೆ, ಬಾಡಿ ಎತ್ತಿದರೆ ಮಾತ್ರ ಸಿಗುತ್ತವೆ. 90 ವರ್ಷದ ತುಕ್ಕು, ಪೇಂಟು ಎಲ್ಲ ಸೇರಿ ಅಕ್ಷರ ಮಸುಕಾಗಿರುವುದು ಸಹಜ. ಮಸುಕಾಗಿರುವುದು ಬೇರೆ, ಉಜ್ಜಿ ಹೊಸದಾಗಿ ಹೊಡೆದದ್ದು ಬೇರೆ. ಅಕ್ಷರದ ಸುತ್ತ ಗ್ರೈಂಡರ್ ಗೀರು ಇದ್ದರೆ, ಅಕ್ಷರದ ಸಾಲು ಸೊಟ್ಟಗಿದ್ದರೆ, ಅಕ್ಷರಗಳ ಅಂಚು ಚೂಪಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ. ಚಾಸಿಯನ್ನು ಪೂರಾ ಬಿಚ್ಚಿ ಕಟ್ಟಿದ ಒಳ್ಳೆಯ ಬಿಲ್ಡರ್ ಮೂರೂ ನಂಬರಿನ ಫೋಟೊ ತೆಗೆದಿಟ್ಟಿರುತ್ತಾನೆ. ಕೇಳಿ ನೋಡಿ.

ಇನ್ನೊಂದು ತೊಡಕು ಹಳೇ ಕಾರಿಗೆ ಮಾತ್ರ ಇದೆ. ಆ ಕಾಲದಲ್ಲಿ ಕೆಲವು ರಾಜ್ಯಗಳು ಇಂಜಿನ್ ನಂಬರಿನ ಮೇಲೆ ಕಾಗದ ಮಾಡುತ್ತಿದ್ದವು. ಇಂಜಿನ್ ಬದಲಾದ ಮೇಲೆ ಕಾಗದದ ನಂಬರ್ ಚಾಸಿಗೆ ಹೊಂದದೇ ಇರಬಹುದು. ಇದು ಕಳ್ಳತನ ಅಲ್ಲ, ಆದರೆ ನಿಮ್ಮ ರಾಜ್ಯದ ಡಿಎಂವಿಯಲ್ಲಿ (ನಮ್ಮ ಆರ್‌ಟಿಒ ಇದ್ದ ಹಾಗೆ) ಸರಿಮಾಡಿಸಲು ಓಡಾಟ ಇದೆ. ಆ ಓಡಾಟವನ್ನು ಮಾರುವವರೇ ಮುಗಿಸಿಕೊಡಲಿ ಅಂತ ನಾನು ಹೇಳುತ್ತೇನೆ. "ಆಮೇಲೆ ಮಾಡಿಸಿಕೊಳ್ಳಿ, ಸುಲಭ" ಎಂದರೆ ಒಪ್ಪಬೇಡಿ.

ಹೊಸ ಬಾಡಿ, ಹೊಸ ಚಾಸಿಯ ಕಾರಿಗೆ ಸರಿಯಾದ ದಾರಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ವಿಶೇಷವಾಗಿ ಕಟ್ಟಿದ ವಾಹನ ಎಂದು ನೋಂದಾಯಿಸುತ್ತಾರೆ. ಅಂಥ ಕಾರನ್ನು ಹೊಗೆ ತಪಾಸಣೆಯಲ್ಲಿ ಹಳೇ ಇಸವಿಯ ಲೆಕ್ಕಕ್ಕೆ ತರುವ ಸರ್ಟಿಫಿಕೇಟು ವರ್ಷಕ್ಕೆ 500 ಮಾತ್ರ. ಇದು ಕೈಯಲ್ಲಿರುವ ಕಾರಿಗೆ ಒಂದು ಕೈ ಜಾಸ್ತಿ ಕೊಡಬಹುದು. 1975 ಮತ್ತು ಅದಕ್ಕಿಂತ ಹಳೇ ಪೆಟ್ರೋಲ್ ಕಾರುಗಳಿಗೆ ಅಲ್ಲಿ ಹೊಗೆ ತಪಾಸಣೆಯೇ ಇಲ್ಲ. ಬೇರೆ ರಾಜ್ಯದವರು ತಮ್ಮ ರಾಜ್ಯದ ನಿಯಮ ಮೊದಲೇ ಕೇಳಿಕೊಳ್ಳಿ.

ತಗಡು

ಈಗ ಕಾರಿನ ಹತ್ತಿರ ಬನ್ನಿ. ಮನೆಯ ಫ್ರಿಜ್ ಮೇಲೆ ಅಂಟಿಸುವ ಸಣ್ಣ ಆಯಸ್ಕಾಂತ, ಅದಕ್ಕೆ ಸುತ್ತಲು ಮೆತ್ತನೆ ಬಟ್ಟೆ, ಒಂದು ಟಾರ್ಚು, ಹಳೇ ಶರ್ಟು. ಇಷ್ಟು ಸಾಕು. ಮಾಲೀಕರ ಅನುಮತಿ ಕೇಳಿಯೇ ಆಯಸ್ಕಾಂತ ಇಡಿ.

ಎಲ್ಲೂ ಹಿಡಿಯದಿದ್ದರೆ ಫೈಬರ್‌ಗ್ಲಾಸ್. ಎಲ್ಲಾ ಕಡೆ ಹಿಡಿದು ಕೆಲವು ಕಡೆ ಜಾರಿದರೆ ಅಲ್ಲಿ ಪುಟ್ಟಿ ದಪ್ಪಗಿದೆ. ಬಾಗಿಲ ಕೆಳತುದಿ, ಹಿಂದಿನ ಚಕ್ರದ ಕಮಾನು, ಡಿಕ್ಕಿಯ ಮೂಲೆಗಳು, ಬಾಗಿಲ ಮುಂದಿನ ಕೆಳಭಾಗ: ತುಕ್ಕು ಮೊದಲು ತಿನ್ನುವುದು ಇವನ್ನೇ. ಪೇಂಟಿನ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಹಾಟ್ ರಾಡ್‌ಗೆ ಹಲವು ಕೋಟು ಪೇಂಟು ಹೊಡೆಯುವುದರಿಂದ ಅಂಕಿ ಸ್ವಲ್ಪ ಜಾಸ್ತಿಯೇ ಬರುತ್ತದೆ. ಒಂದೇ ಸಮನೆ ಜಾಸ್ತಿ ಬಂದರೆ ಚಿಂತೆ ಇಲ್ಲ. ಒಂದು ಜಾಗದಲ್ಲಿ ಹಠಾತ್ತನೆ 1 ಮಿಲಿಮೀಟರ್ ದಾಟಿದರೆ ಅಲ್ಲಿ ಪುಟ್ಟಿಯಿಂದ ಆಕಾರ ಕೊಟ್ಟಿದ್ದಾರೆ.

ಹೊರಗೆ ನೋಡುವುದಕ್ಕಿಂತ ಒಳಗೆ ನೋಡುವುದು ಮುಖ್ಯ. ಪೇಂಟಿನವರು ಹೊರಮೈಯನ್ನು ಎಷ್ಟು ಬೇಕಾದರೂ ಚೆಂದ ಮಾಡಬಹುದು. ಡ್ಯಾಶ್‌ಬೋರ್ಡಿನ ಅಡಿ, ಡಿಕ್ಕಿಯ ಒಳಗೋಡೆ, ಸೀಟಿನ ಹಿಂದೆ ಟಾರ್ಚು ಬಿಡಿ. ಅಸಲಿ ತಗಡಿನ ಒಳಮೈಯಲ್ಲಿ ಸುತ್ತಿಗೆ ಗುರುತು, ಸಣ್ಣ ತೇಪೆ, ಹಳೇ ತೂತು ಮುಚ್ಚಿದ ಗುರುತು ಇರಲೇಬೇಕು. 90 ವರ್ಷ ಬದುಕಿದ ತಗಡು ಅದು. ಒಳಗೂ ಹೊರಗೂ ಒಂದು ಗೀರೂ ಇಲ್ಲದಿದ್ದರೆ ಅದು ಹೊಸ ಬಾಡಿ ಇರಬೇಕು. ಒಳಗೆಲ್ಲ ದಪ್ಪನೆ ಕಪ್ಪು ಅಂಡರ್‌ಕೋಟ್ ಬಳಿದು ಏನೂ ಕಾಣದ ಹಾಗೆ ಮಾಡಿದ್ದರೆ, ಯಾಕೆ ಎಂದು ಕೇಳಿ.

ಬಾಗಿಲು ತೆಗೆದು ಹಾಕಿ ನೋಡಿ. ಎತ್ತಿ ಹಾಕಬೇಕಾಗಿ ಬಂದರೆ ಹಿಂಜ್ ಸವೆದಿದೆ, ಇಲ್ಲವೇ ಬಾಡಿ ಜಗ್ಗಿದೆ. ಬಾಗಿಲ ಸುತ್ತಲಿನ ಸಂದು ಮೇಲಿಂದ ಕೆಳಗೆ ಒಂದೇ ಅಳತೆ ಇರಬೇಕು. ಆ ಕಾಲದ ಫೋರ್ಡ್‌ಗಳು ಕಾರ್ಖಾನೆಯಿಂದ ಬಂದಾಗಲೇ ಇಷ್ಟು ಚೆನ್ನಾಗಿ ಕೂಡುತ್ತಿರಲಿಲ್ಲ, ಆದ್ದರಿಂದ ಸಂದು ಒಂದೇ ಸಮ ಇದ್ದರೆ ಯಾರೋ ಅದಕ್ಕೆ ನೂರಾರು ಗಂಟೆ ಕೂತಿದ್ದಾರೆ ಎಂದರ್ಥ. ಅದಕ್ಕೆ ದುಡ್ಡು ಕೊಡಬಹುದು.

ಕೂಪೆಯಾದರೆ ಚಾವಣಿ ಕತ್ತರಿಸಿ ತಗ್ಗಿಸಿದ್ದಾರಾ ನೋಡಿ. ಇದಕ್ಕೆ 'ಚಾಪ್' ಎನ್ನುತ್ತಾರೆ. ಕಂಬಗಳನ್ನು ಎರಡು ಮೂರು ಇಂಚು ಕತ್ತರಿಸಿ, ಚಾವಣಿ ಇಳಿಸಿ, ಮತ್ತೆ ಬೆಸೆಯುತ್ತಾರೆ. ಹೇಳುವುದು ಸುಲಭ. ಕಂಬಗಳು ಓರೆಯಾಗಿರುವುದರಿಂದ ಮೇಲಿನ ಭಾಗ ಕೆಳಗಿನದಕ್ಕೆ ನೇರ ಕೂರುವುದಿಲ್ಲ. ಚೆನ್ನಾಗಿ ಮಾಡಿದ ಚಾಪ್ ಬೆಲೆ ಏರಿಸುತ್ತದೆ, ಕೆಟ್ಟದು ಅರ್ಧಕ್ಕೆ ಇಳಿಸುತ್ತದೆ. ಕಾರಿನಿಂದ ಇಪ್ಪತ್ತು ಹೆಜ್ಜೆ ದೂರ ನಿಂತು, ಎರಡೂ ಪಕ್ಕದಿಂದ ನೋಡಿ. ಕಿಟಕಿಯ ಗೆರೆ ಎಡಕ್ಕೂ ಬಲಕ್ಕೂ ಒಂದೇ ಥರ ಓಡುತ್ತದೆಯಾ? ಗಾಜು ಏರಿಸಿ ಇಳಿಸಿದರೆ ಸಿಕ್ಕಿಹಾಕಿಕೊಳ್ಳುತ್ತದೆಯಾ? ನೀರು ಇಳಿಯುವ ಪಟ್ಟಿ ಎಲ್ಲಾದರೂ ಮುರಿದ ಹಾಗೆ ಕಾಣುತ್ತದೆಯಾ? ನಾನು ಇಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಕೆಟ್ಟ ಚಾಪ್ ಸರಿಮಾಡುವುದೆಂದರೆ ಚಾವಣಿ ಮತ್ತೆ ಕತ್ತರಿಸುವುದೇ.

ಕಾರಿನ ಅಡಿಗೆ ಹೋಗಿ

ಸಾಧ್ಯವಾದರೆ ಲಿಫ್ಟ್ ಇರುವ ಗ್ಯಾರೇಜಿಗೆ ಕರೆದೊಯ್ಯಲು ಕೇಳಿ. ಖರ್ಚು ನೀವೇ ಕೊಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಯಾವತ್ತೂ ತಲೆ ಹಾಕಬೇಡಿ, ಸ್ಟ್ಯಾಂಡ್ ಇರಲೇಬೇಕು.

ಮೊದಲು ವೆಲ್ಡಿಂಗ್. ಒಂದೇ ಸಮನೆ, ನಾಣ್ಯಗಳನ್ನು ಜೋಡಿಸಿಟ್ಟ ಹಾಗೆ ಕಂಡರೆ ಒಳ್ಳೆಯದು. ಹಕ್ಕಿ ಹಿಕ್ಕೆ ಥರ ಗುಪ್ಪೆ ಗುಪ್ಪೆ ಇದ್ದರೆ, ಅದೂ ಸ್ಟೇರಿಂಗ್ ಮತ್ತು ಆಕ್ಸಲ್ ಹಿಡಿದಿರುವ ಜಾಗದಲ್ಲಿ ಇದ್ದರೆ, ನನ್ನ ಮಟ್ಟಿಗೆ ನೋಡುವುದು ಅಲ್ಲಿಗೇ ಮುಗಿಯಿತು. ಜೀವದ ಪ್ರಶ್ನೆ ಅದು.

1932ರ ಫೋರ್ಡಿಗೆ ಬಂದದ್ದು ರಾಡಿನ ಮೂಲಕ ಎಳೆಯುವ ಮೆಕ್ಯಾನಿಕಲ್ ಬ್ರೇಕು. ಫೋರ್ಡ್ ಹೈಡ್ರಾಲಿಕ್ ಬ್ರೇಕು ಕೊಟ್ಟದ್ದು 1939ರಲ್ಲಿ. ಹಾಗಾಗಿ ಹಳೇ ಕಾಲದ ಹಾಟ್ ರಾಡ್‌ಗಳಲ್ಲಿ 1939, 40ರ ಫೋರ್ಡ್ ಬ್ರೇಕು ಹಾಕಿರುವುದು ಮಾಮೂಲು. ಈಗಿನವುಗಳಲ್ಲಿ ಡಿಸ್ಕ್ ಇರುತ್ತದೆ. ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದಾ, ಎರಡು ಕೋಣೆಯದಾ? ಎರಡಿದ್ದರೆ ಮುಂದಿನದು ಕೈಕೊಟ್ಟರೂ ಹಿಂದಿನದು ಹಿಡಿಯುತ್ತದೆ. ಹಾಟ್ ರಾಡ್‌ನಲ್ಲಿ ಮಾಸ್ಟರ್ ಸಿಲಿಂಡರ್ ಸಾಮಾನ್ಯವಾಗಿ ಕಾಲಡಿ, ಚಕ್ರದಲ್ಲಿರುವ ಬ್ರೇಕಿನ ಮಟ್ಟಕ್ಕಿಂತ ಕೆಳಗೆ ಇರುತ್ತದೆ. ಆಗ ಬ್ರೇಕ್ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ಸಣ್ಣ ವಾಲ್ವು ಬೇಕು. ಡಿಸ್ಕ್‌ಗೆ 2 ಪಿಎಸ್‌ಐ ಒತ್ತಡ ಉಳಿಸುವುದು, ಡ್ರಮ್ಮಿಗೆ 10 ಪಿಎಸ್‌ಐ. ಇದು ಇದೆಯಾ ಎಂದು ಕೇಳಿ. ಇದರ ಬಗ್ಗೆ ಗೊತ್ತಿಲ್ಲದವರು ಬ್ರೇಕು ಕಟ್ಟಿದ್ದರೆ ಮಿಕ್ಕ ಕೆಲಸವನ್ನೂ ಅಷ್ಟೇ ಅನುಮಾನದಿಂದ ನೋಡಿ.

ವೈರಿಂಗ್ ನೋಡಲು ಐದು ನಿಮಿಷ ಸಾಕು. ಬಣ್ಣ ಬಣ್ಣದ ತುಂಡು ವೈರು, ಟೇಪು ಸುತ್ತಿದ ಗಂಟು, ಫ್ಯೂಸ್ ಬಾಕ್ಸ್ ಇಲ್ಲದ ಕಾರು ಎಂದರೆ ಪೂರಾ ಹೊಸದಾಗಿ ವೈರಿಂಗ್ ಮಾಡಿಸುವ ಖರ್ಚು ಬರೆದುಕೊಳ್ಳಿ.

ನ್ಯಾಷನಲ್ ಸ್ಟ್ರೀಟ್ ರಾಡ್ ಅಸೋಸಿಯೇಷನ್‌ನವರು ತಮ್ಮ ಮೇಳಗಳಲ್ಲಿ 23 ಅಂಶಗಳ ಸುರಕ್ಷತಾ ತಪಾಸಣೆ ಮಾಡುತ್ತಾರೆ. ಪಾಸಾದ ಕಾರಿಗೆ ಸ್ಟಿಕ್ಕರ್ ಕೊಡುತ್ತಾರೆ. ಇತ್ತೀಚಿನ ಸ್ಟಿಕ್ಕರ್ ಇದ್ದರೆ ಕಣ್ಣಿದ್ದವರು ಯಾರೋ ಒಬ್ಬರು ಅಡಿಗೆ ಹೋಗಿ ನೋಡಿದ್ದಾರೆ ಎಂಬ ಧೈರ್ಯ ಇರುತ್ತದೆ.

ಇಂಜಿನ್: ಹಳೇ ಫ್ಲ್ಯಾಟ್‌ಹೆಡ್ಡಾ, ಷೆವರ್ಲೆಯಾ?

ನೀವು ಬರುವ ಮುಂಚೆ ಇಂಜಿನ್ ಬಿಸಿ ಮಾಡಿಡಬೇಡಿ ಎಂದು ಫೋನಿನಲ್ಲೇ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗುವಾಗಲೇ ತನ್ನ ಕಾಯಿಲೆ ಹೇಳುವುದು.

ಮೇಲಿನ ಹೆಡ್ಡು ಚಪ್ಪಟೆ ಇರುವುದರಿಂದ ಫ್ಲ್ಯಾಟ್‌ಹೆಡ್ ಎನಿಸಿಕೊಂಡ ಫೋರ್ಡಿನ ವಿ8 ಅಮೆರಿಕದ ಫೋರ್ಡ್ ಕಾರುಗಳಲ್ಲಿ 1932ರಿಂದ 1953ರವರೆಗೆ ಬಂತು. ಅದರ ದನಿಗೆ ಸಾಟಿ ಇಲ್ಲ. ಆದರೆ ಅದಕ್ಕೊಂದು ಹುಟ್ಟುಗುಣ ಇದೆ. ಉರಿದ ಬಿಸಿ ಹೊಗೆ ಬ್ಲಾಕಿನ, ಅಂದರೆ ಇಂಜಿನ್ನಿನ ಎರಕದ ಮೈಯ ಒಳಗೇ, ನೀರಿನ ಪಕ್ಕದಲ್ಲೇ ಹಾದು ಹೊರಬೀಳುತ್ತದೆ. ಅದರಿಂದ ನೀರು ಬೇಗ ಕಾಯುತ್ತದೆ. ವಾಲ್ವ್ ಸೀಟಿನಿಂದ ಸಿಲಿಂಡರ್ ಕಡೆಗೆ ಬ್ಲಾಕು ಬಿರುಕು ಬಿಡುತ್ತದೆ. ಬಿರುಕಿಲ್ಲದ ಹಳೇ ಬ್ಲಾಕು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಬಿರುಕು ಕಣ್ಣಿಗೆ ಕಾಣದೇ ಇರಬಹುದು. ಅದನ್ನು ಹಿಡಿಯುವುದು ಮ್ಯಾಗ್ನಾಫ್ಲಕ್ಸ್ ಎಂಬ ಆಯಸ್ಕಾಂತದ ಪರೀಕ್ಷೆ ಮತ್ತು ಒತ್ತಡದ ಪರೀಕ್ಷೆ. ಇಂಜಿನ್ ಕಟ್ಟಿದ ಮೆಷಿನ್ ಶಾಪಿನ ಬಿಲ್ಲಿನಲ್ಲಿ ಇವೆರಡೂ ಬರೆದಿವೆಯಾ ನೋಡಿ. ಬಿಲ್ಲೇ ಇಲ್ಲದಿದ್ದರೆ ಇಂಜಿನ್ನನ್ನು ಮತ್ತೆ ಕಟ್ಟಿಸಬೇಕಾದೀತು ಎಂದೇ ಲೆಕ್ಕ ಹಾಕಿ.

ಸ್ಟಾರ್ಟ್ ಮಾಡಿ ಇಪ್ಪತ್ತು ಮೂವತ್ತು ನಿಮಿಷ ನಿಂತಲ್ಲೇ ಓಡಲು ಬಿಡಿ. ಬಿಸಿಯ ಮುಳ್ಳು ಒಂದು ಕಡೆ ನಿಂತರೆ ಸರಿ. ಏರುತ್ತಲೇ ಹೋದರೆ "ಇವತ್ತು ಬಿಸಿಲು ಜಾಸ್ತಿ" ಎಂಬ ಮಾತು ಕೇಳಬೇಡಿ. ಆಯಿಲ್ ಕಡ್ಡಿ ಎಳೆದು ನೋಡಿ. ಹಾಲು ಹಾಕಿದ ಕಾಫಿ ಬಣ್ಣ ಕಂಡರೆ ನೀರು ಸೇರಿದೆ. ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಎಂಟೂ ಸಿಲಿಂಡರ್ ಒಂದಕ್ಕೊಂದು ಶೇ 10ರಿಂದ 15ರೊಳಗೆ ಇರಬೇಕು.

ಷೆವರ್ಲೆಯ ಚಿಕ್ಕ ಬ್ಲಾಕಿನ ವಿ8 ಬಂದದ್ದು 1955ರಲ್ಲಿ. ಹಗುರ, ಅಗ್ಗ, ಬಲ ಜಾಸ್ತಿ. ಅಂದಿನಿಂದ ಫೋರ್ಡ್ ಬಾಡಿಯೊಳಗೆ ಷೆವರ್ಲೆ ಇಂಜಿನ್ ಹಾಕುವುದು ರೂಢಿ. ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ, ಟ್ರಾಫಿಕ್‌ನಲ್ಲಿ ಕಾಯುವುದಿಲ್ಲ. ಬೆಲೆಯ ಮಾತಿಗೆ ಬಂದರೆ, ಹಳೇ ಶೈಲಿ ಹುಡುಕುವವರು ಸರಿಯಾಗಿ ಕಟ್ಟಿದ ಫ್ಲ್ಯಾಟ್‌ಹೆಡ್‌ಗೆ, ಇಲ್ಲವೇ 1950ರ ದಶಕದ ಕ್ರೈಸ್ಲರ್ ಕಂಪನಿಯ 'ಹೆಮಿ' ವಿ8 ಇಂಜಿನ್ನಿಗೆ ಜಾಸ್ತಿ ಕೊಡುತ್ತಾರೆ. ಮಾಮೂಲಿ 350 ಘನ ಇಂಚಿನ ಷೆವರ್ಲೆಗೆ ಬೆಲೆ ಏರುವುದಿಲ್ಲ. ನೀವು ಕಾರನ್ನು ವಾರವಾರ ಓಡಿಸುವವರಾದರೆ ಅದರ ಲಾಭ ನಿಮಗೇ.

ಕೆಲವು ಬಿಡಿಭಾಗಗಳಿಗೆ ತಮ್ಮದೇ ಬೆಲೆ ಇದೆ. ಹಳೇ ಎಡೆಲ್‌ಬ್ರಾಕ್ ಅಥವಾ ಆಫೆನ್‌ಹೌಸರ್ ಹೆಡ್ಡು, ಸ್ಟ್ರಾಮ್‌ಬರ್ಗ್ 97 ಕಾರ್ಬ್ಯುರೇಟರ್, ಹ್ಯಾಲಿಬ್ರ್ಯಾಂಡ್ ಕಂಪನಿಯ, ಹಿಂದಿನ ಆಕ್ಸಲ್‌ಗೆ ಹಾಕುವ ಗೇರ್. ಇವುಗಳಲ್ಲಿ ಸ್ಟ್ರಾಮ್‌ಬರ್ಗ್ 97 ಇವತ್ತು ಹೊಸದಾಗಿಯೂ ತಯಾರಾಗುತ್ತದೆ. ಆದ್ದರಿಂದ ಹೆಸರು ಓದಿ ಬೆಲೆ ಕಟ್ಟಬೇಡಿ, ಹಳೆಯದಾ ಹೊಸದಾ ಎಂದು ಕೇಳಿ.

ಓಡಿಸಿ ನೋಡುವುದನ್ನು ಬಿಡಬೇಡಿ. ಮುಂದಿನ ಆಕ್ಸಲ್ ಒಂದೇ ತುಂಡಿನದಾದರೆ ಗುಂಡಿ ಹಾರಿದಾಗ ಸ್ಟೇರಿಂಗ್ ಗಡಗಡ ನಡುಗುತ್ತದೆಯಾ ಗಮನಿಸಿ. ನೇರ ರಸ್ತೆಯಲ್ಲಿ ಮೆಲ್ಲಗೆ ಕೈ ಸಡಿಲಿಸಿದರೆ ಒಂದು ಕಡೆ ಎಳೆಯುತ್ತದೆಯಾ? ಬ್ರೇಕು ಒತ್ತಿದಾಗ? ಅಷ್ಟು ಸಾಕು.

ಕಥೆಗೆ ಸಾಕ್ಷಿ ಇದೆಯಾ?

ಮಾರುವವರು ಹೇಳುವ ಕಥೆ ಚೆನ್ನಾಗಿಯೇ ಇರುತ್ತದೆ. ಎಲ್ ಮಿರಾಜ್‌ನಲ್ಲಿ ಓಡಿದ ಕಾರು, ಹೆಸರಾಂತ ಬಿಲ್ಡರ್ ಕಟ್ಟಿದ ಕಾರು. ಇಂಥ ಮಾತಿಗೆ ದುಡ್ಡು ಕೊಡುವುದು ಕಾಗದ ನೋಡಿದ ಮೇಲೆ. ಆಗಿನ ಫೋಟೊ, ಪತ್ರಿಕೆಯ ಪುಟ, ಓಟದ ಟೈಮಿಂಗ್ ಪಟ್ಟಿ, ಬಿಲ್ಡರ್ ಕೊಟ್ಟ ಬಿಲ್ಲು. ಫೋಟೊ ಇದ್ದರೆ ಅದರಲ್ಲಿ ಕಾಣುವ ಒಂದು ವಿಚಿತ್ರ ಗುರುತು, ಉದಾಹರಣೆಗೆ ಯಾರೋ ಕೈಯಲ್ಲಿ ಕೊರೆದ ಗಾಳಿ ತೂತಿನ ಸಾಲು, ಈಗಿನ ಕಾರಿನಲ್ಲೂ ಅದೇ ಜಾಗದಲ್ಲಿದೆಯಾ ಎಂದು ಹೊಂದಿಸಿ ನೋಡಿ. ಹೊಂದಿದರೆ ಆ ಕ್ಷಣ ಮೈ ಜುಮ್ಮೆನ್ನುತ್ತದೆ.

ಇತಿಹಾಸಕ್ಕೆ ಎಷ್ಟು ತೂಕ ಎಂಬುದಕ್ಕೆ ಒಂದೇ ಉದಾಹರಣೆ. ಪೆಬಲ್ ಬೀಚ್‌ನ ದೊಡ್ಡ ಕಾರು ಪ್ರದರ್ಶನದಲ್ಲಿ ಹಾಟ್ ರಾಡ್‌ಗೆ ಮೊದಲ ಸಲ ಜಾಗ ಸಿಕ್ಕಿದ್ದು 1997ರಲ್ಲಿ. ಅಲ್ಲಿ ಗೆದ್ದದ್ದು ಡೋನ್ ಸ್ಪೆನ್ಸರ್ 1940ರ ದಶಕದಲ್ಲಿ ಕಟ್ಟಿದ 1932ರ ರೋಡ್‌ಸ್ಟರ್. ಅದೇ ಆಕಾರದ ನಕಲು ಇವತ್ತು ಎಷ್ಟು ಚೆನ್ನಾಗಿ ಮಾಡಿದರೂ ಅದು ನಕಲೇ, ಬೆಲೆಯೂ ನಕಲಿನದ್ದೇ.

ಫ್ಯಾಷನ್ನೂ ಬೆಲೆ ತಿನ್ನುತ್ತದೆ. 1980, 90ರ ದಶಕದ ತಿಳಿ ಬಣ್ಣ, ಕಡೆದ ಅಲ್ಯೂಮಿನಿಯಂ ಚಕ್ರ, ಬೂದು ಬಟ್ಟೆಯ ಸೀಟು ಇರುವ ಕಾರುಗಳು ಈಗ ಕಡಿಮೆಗೆ ಸಿಗುತ್ತವೆ. ಅವುಗಳಲ್ಲಿ ಕೆಲವದರ ಒಳಗೆ ಅಸಲಿ ಉಕ್ಕು ಇರುತ್ತದೆ. ಚಕ್ರ, ಸೀಟು ಬದಲಾಯಿಸಬಹುದು. ತಗಡು ಬದಲಾಯಿಸಲು ಆಗುವುದಿಲ್ಲ. ಕೈಬಿಗಿ ಇರುವವರು ಇಲ್ಲೇ ಹುಡುಕಿ ಎಂದು ನಾನು ಹೇಳುತ್ತೇನೆ.

ಈಗ ಬೆಲೆ

ದನದ ಜಾತ್ರೆಯಲ್ಲಿ ಟವಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಪಕ್ಕದವರಿಗೆ ಬೆಲೆ ಗೊತ್ತಾಗುವುದಿಲ್ಲ. ಹಾಟ್ ರಾಡ್ ಖಾಸಗಿ ವ್ಯಾಪಾರವೂ ಹಾಗೇ. ಜಾಹೀರಾತಿನಲ್ಲಿ ಕಾಣುವುದು ಕೇಳಿದ ಬೆಲೆ, ಕೊಟ್ಟ ಬೆಲೆ ಅಲ್ಲ. ಕೊಟ್ಟ ಬೆಲೆ ಕಾಣುವುದು ಹರಾಜಿನಲ್ಲಿ. ಬ್ರಿಂಗ್ ಎ ಟ್ರೇಲರ್, ಮೀಕಮ್, ಬ್ಯಾರೆಟ್ ಜಾಕ್ಸನ್‌ನಂಥ ಹರಾಜುಗಳಲ್ಲಿ ಮಾರಾಟವಾದ ಕಾರುಗಳ ಬೆಲೆ ಯಾರು ಬೇಕಾದರೂ ನೋಡಬಹುದು. ಕಳೆದ ಒಂದೆರಡು ವರ್ಷದಲ್ಲಿ ನಿಮ್ಮ ಕಾರಿನದೇ ಗುಂಪಿನ, ಅದೇ ಬಾಡಿಯ ನಾಲ್ಕೈದು ಕಾರು ಹುಡುಕಿ. ಹರಾಜಿನವರು ಕೂಗಿದ ಬೆಲೆಯ ಮೇಲೆ ಕೊಳ್ಳುವವರಿಂದ ಕಮಿಷನ್ನೂ ತೆಗೆದುಕೊಳ್ಳುತ್ತಾರೆ. ಬರೆದಿರುವ ಬೆಲೆಯಲ್ಲಿ ಅದು ಸೇರಿದೆಯಾ ನೋಡಿಕೊಳ್ಳಿ.

"ನಾನು ಇದಕ್ಕೆ ಇಷ್ಟು ಲಕ್ಷ ಖರ್ಚು ಮಾಡಿದ್ದೇನೆ, ಬಿಲ್ಲು ನೋಡಿ" ಎಂಬ ಮಾತು ಪ್ರತಿಯೊಬ್ಬ ಮಾಲೀಕರಿಂದಲೂ ಬರುತ್ತದೆ. ಅದು ಸುಳ್ಳಲ್ಲ. ಹಾಟ್ ರಾಡ್ ಕಟ್ಟುವ ಖರ್ಚು ಸಾಮಾನ್ಯವಾಗಿ ಮಾರುವ ಬೆಲೆಗಿಂತ ಜಾಸ್ತಿಯೇ. ಆ ಬಿಲ್ಲುಗಳನ್ನು ಗೌರವದಿಂದ ನೋಡಿ, ಕೆಲಸ ಒಳ್ಳೆಯದು ಎಂಬುದಕ್ಕೆ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಬೆಲೆಯ ಲೆಕ್ಕಕ್ಕೆ ಸೇರಿಸಬೇಡಿ. ಇದೇ ಕಾರಣಕ್ಕೆ ಅರ್ಧ ಕಟ್ಟಿದ ಕಾರು ಕೊಳ್ಳುವುದಕ್ಕಿಂತ ಮುಗಿದ ಕಾರು ಕೊಳ್ಳುವುದು ಅಗ್ಗ ಎಂದು ನಾನು ಬಲವಾಗಿ ನಂಬುತ್ತೇನೆ.

ಲೆಕ್ಕದ ದಾರಿ ತಿಳಿಯಲಿ ಅಂತ ಒಂದು ಉದಾಹರಣೆ. ಅದೇ ಗುಂಪಿನ ಕಾರುಗಳು 60,000 ಡಾಲರ್ ಆಸುಪಾಸು ಹೋಗಿವೆ ಅಂದುಕೊಳ್ಳಿ. ನೀವು ನೋಡಿದ ಕಾರಿಗೆ ಬ್ರೇಕು ಸರಿಮಾಡಲು 3,000, ವೈರಿಂಗ್‌ಗೆ 4,000, ಬಾಗಿಲ ಕೆಳಗಿನ ತುಕ್ಕು ಮತ್ತು ಅದರ ಪೇಂಟಿಗೆ 6,000 ಬೇಕು ಎಂದು ಗ್ಯಾರೇಜಿನವರು ಹೇಳಿದರು. ಒಟ್ಟು 13,000. ಬಿಚ್ಚಿದ ಮೇಲೆ ಇನ್ನೇನೋ ಸಿಕ್ಕೇ ಸಿಗುತ್ತದೆ, ಅದಕ್ಕೆ ಮತ್ತೆ 3,000. ನಿಮ್ಮ ಮಾತು 44,000ದಿಂದ ಶುರುವಾಗಲಿ. ಪಟ್ಟಿಯನ್ನು ಮಾರುವವರ ಮುಂದಿಟ್ಟು ಒಂದೊಂದಾಗಿ ತೋರಿಸಿ. ಕಾರನ್ನು ಹೀಯಾಳಿಸಬೇಡಿ. ಅದಕ್ಕೆ ಅವರು ವರ್ಷಗಟ್ಟಲೆ ಕೈ ಕೆಸರು ಮಾಡಿಕೊಂಡಿದ್ದಾರೆ.

ದೊಡ್ಡ ಮೊತ್ತವಾದರೆ ಹಾಟ್ ರಾಡ್ ಬಲ್ಲ ಅಪ್ರೈಸರ್‌ಗೆ, ಅಂದರೆ ಬೆಲೆ ಕಟ್ಟುವ ಪರಿಣತರಿಗೆ ದುಡ್ಡು ಕೊಟ್ಟು ವರದಿ ಬರೆಸಿ. ಆ ವರದಿ ಇನ್ಷೂರೆನ್ಸ್‌ಗೂ ಬೇಕು. ಮಾಮೂಲಿ ಇನ್ಷೂರೆನ್ಸ್ ಇದನ್ನು 90 ವರ್ಷದ ಹಳೇ ಫೋರ್ಡ್ ಎಂದು ಲೆಕ್ಕ ಹಾಕುತ್ತದೆ. ಮೊದಲೇ ಮಾತಾಡಿ ಒಪ್ಪಿಕೊಂಡ ಬೆಲೆಯ ಪಾಲಿಸಿ ಕೊಡುವ ಹ್ಯಾಗರ್ಟಿಯಂಥ ಕಂಪನಿಗಳಿವೆ, ಅದನ್ನೇ ತೆಗೆದುಕೊಳ್ಳಿ.

ಇಷ್ಟು ದಿನದಲ್ಲಿ ಹಲವರು ಕೇಳಿದ್ದಾರೆ, "ಕೊಂಡು ಬೆಂಗಳೂರಿಗೆ ತರಬಹುದಾ?" ಅಂತ. ಭಾರತದಲ್ಲಿ 2021ರ ವಿಂಟೇಜ್ ವಾಹನ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ವಿಎ ಸರಣಿಯ ನಂಬರ್ ಸಿಗುತ್ತದೆ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಇರಬಾರದು. ಹಾಟ್ ರಾಡ್ ಎಂದರೇ ಬದಲಾವಣೆ. ಊರಿಗೆ ತರುವ ಯೋಚನೆ ಇಟ್ಟುಕೊಂಡು ಕೊಳ್ಳಬೇಡಿ.

ಗೆಳೆಯನ ಆ ಕಪ್ಪು ಕೂಪೆಗೆ ಬರುತ್ತೇನೆ. ಇಬ್ಬರೂ ಹೋಗಿ ನೋಡಿದೆವು. ಐದು ಕಿಟಕಿಯದು. ಆಯಸ್ಕಾಂತ ಎಲ್ಲಾ ಕಡೆ ಹಿಡಿಯಿತು, ಬಲಗಡೆಯ ಹಿಂದಿನ ಮೂಲೆಯಲ್ಲಿ ಮಾತ್ರ ಜಾರಿತು. ಚಾಸಿ ನಂಬರ್ ಮಸುಕಾಗಿ, ಆದರೆ ಓದುವ ಹಾಗೆ ಇತ್ತು, ಟೈಟಲ್‌ಗೆ ಹೊಂದಿತು. ಚಾವಣಿ ಕತ್ತರಿಸಿರಲಿಲ್ಲ. ಒಳಗೆ 350 ಷೆವರ್ಲೆ. ಬ್ರೇಕು ಒಂದೇ ಕೋಣೆಯದು, ವೈರಿಂಗ್ ಸಿಕ್ಕಾಪಟ್ಟೆ ಗಂಟು. ಮಾಲೀಕರು ವಯಸ್ಸಾದವರು. ಷೂ ಡಬ್ಬಿಯೊಂದರಲ್ಲಿ ಅವರ ಅಣ್ಣ 1960ರ ದಶಕದಲ್ಲಿ ಇದೇ ಕಾರಿನ ಜೊತೆ ನಿಂತ ಫೋಟೊಗಳಿದ್ದವು. ಗೆಳೆಯ ಪಟ್ಟಿ ತೋರಿಸಿ ತನ್ನ ಬೆಲೆ ಹೇಳಿದ. ಅವರು ತಲೆಯಾಡಿಸಿದರು, ಆಗಲ್ಲ ಅಂತ. ನಾವು ಫೋನ್ ನಂಬರ್ ಬರೆದುಕೊಟ್ಟು ಬಂದೆವು. ಏಳು ವಾರ ಆದ ಮೇಲೆ ಅವರೇ ಫೋನ್ ಮಾಡಿದರು. ಈಗ ಕಾರು ಫ್ರೀಮಾಂಟ್‌ನ ಗ್ಯಾರೇಜಿನಲ್ಲಿ ಸ್ಟ್ಯಾಂಡ್ ಮೇಲೆ ನಿಂತಿದೆ. ಶನಿವಾರಗಳಲ್ಲಿ ಇಬ್ಬರೂ ಸೇರಿ ಬ್ರೇಕ್ ಲೈನು ಬಿಚ್ಚುತ್ತಿದ್ದೇವೆ. ಷೂ ಡಬ್ಬಿಯನ್ನು ಅವರು ಕಾರಿನ ಜೊತೆಗೇ ಕೊಟ್ಟರು.